ಫ್ರಿಜ್ಜಿನಲ್ಲಿ ವಾಸವಾಗಿರುವ ಚುಚ್ಚುಮದ್ದು ಮೀಥೈಲರ್ಗೊನೊವಿನ್ ಅವರ ಸನ್ನಿಧಿಗೆ

ಮಾನ್ಯರೇ,

ಡುಲೂತ್ ಊರಿನ ಆಸ್ಪತ್ರೆಯ ಹೆರಿಗೆ ವಾರ್ಡಿನ ಫ್ರಿಜ್ಜಿನಲ್ಲಿ, ಬೆಳಕು ಸೋಕದಂತೆ, ಬಿಸಿ ತಾಗದಂತೆ, ಬೀಗರ ಠೀವಿಯಲ್ಲಿ ವಿರಾಜಮಾನರಾಗಿರುವ ತಮಗೆ, ಹನ್ನೊಂದು ವರ್ಷ ಶಾಲಾ ಬಸ್ಸು ಓಡಿಸಿ ನಲವತ್ತಮೂರನೇ ವಯಸ್ಸಿನಲ್ಲಿ ನರ್ಸಿಂಗ್ ಓದಲು ಹೊರಟ ಮಾರ್ನಿ ಟಾಲೆಫ್ಸನ್ ಮಾಡುವ ವಂದನೆಗಳು.

ತಮ್ಮ ಹೆಸರನ್ನು ಬಾಯಿಪಾಠ ಮಾಡಲು ನನಗೆ ಮೂರು ವಾರ ಹಿಡಿಯಿತು. ಹೆರಿಗೆಯ ನಂತರ ಸಡಿಲಬಿದ್ದ ಗರ್ಭಕೋಶವನ್ನು ಹಿಂಡಿ ರಕ್ತಸ್ರಾವ ನಿಲ್ಲಿಸುವುದರಲ್ಲಿ ತಾವು ನಿಸ್ಸೀಮರು, ಆದರೆ ರಕ್ತದೊತ್ತಡ ಏರಿದವರ ಮೈಯೊಳಗೆ ಹೊಕ್ಕರೆ ಅದನ್ನು ಇನ್ನೂ ಏರಿಸಿ ಪ್ರಾಣಕ್ಕೇ ಸಂಚಕಾರ ತರುವವರು ಎಂಬುದನ್ನು ನಮ್ಮ ಗುರುಗಳಾದ ಮಿಸೆಸ್ ಹಾಲ್ವರ್ಸನ್ ತಲೆಗೆ ಮೊಳೆ ಹೊಡೆದಂತೆ ಕಲಿಸಿದ್ದರು.

ಮಂಗಳವಾರ ಮಧ್ಯಾಹ್ನ ಜಾನೆಲ್ ಬೊಲ್ಯೂ ಎಂಬಾಕೆ ಮೂರನೇ ಮಗುವನ್ನು ಹೆತ್ತರು. ಗರ್ಭಕೋಶ ಬಿಗಿಸುವ ಆಕ್ಸಿಟೋಸಿನ್ ಡ್ರಿಪ್ಪು ಹರಿಯುತ್ತಲೇ ಇತ್ತು, ರಕ್ತವೂ ಹರಿಯುತ್ತಲೇ ಇತ್ತು. ಡಾಕ್ಟರ್ ಪೆಲ್ಕಿ ಎರಡೂ ಕೈಗಳಿಂದ ಹೊಟ್ಟೆ ಒತ್ತುತ್ತಾ ತಮ್ಮ ನಾಮಸ್ಮರಣೆ ಮಾಡಿದರು. ನರ್ಸ್ ಓಡಿಹೋಗಿ ತಮ್ಮನ್ನು ಕರೆತಂದು ಸಿರಿಂಜಿಗೆ ಏರಿಸಿದರು. ಅದೇ ಹೊತ್ತಿಗೆ ನಾನು ಬಿಪಿ ನೋಡಿದೆ: ನೂರ ಅರವತ್ತರ ಮೇಲೆ. ಬೆಳಿಗ್ಗೆ ಸರಿಯಾಗಿಯೇ ಇತ್ತು.

ಹಿಮದ ಇಳಿಜಾರಿನಲ್ಲಿ ನಲವತ್ತು ಮಕ್ಕಳಿದ್ದ ಬಸ್ಸನ್ನು ಹಿಡಿದು ನಿಲ್ಲಿಸಿದವಳಿಗೆ ಆಗ ನಾಲಿಗೆ ಏಳಲಿಲ್ಲ. ಸೂಜಿ ತೊಡೆಯ ಹತ್ತಿರ ಬಂದಾಗ ಹೇಗೋ ಕಿರುಚಿದೆ.

“ನಿಲ್ಲಿಸಿ! ಬಿಪಿ ಏರಿದೆ, ಅದು ಕೊಡಬಾರದು!”

“ಯಾರು ಹೇಳಿದ್ದು?” ಎಂದರು ಡಾಕ್ಟರ್, ತಲೆ ಎತ್ತದೆ.

“ನಾನು. ಸ್ಟೂಡೆಂಟು.”

“ಸರಿಯಾಗೇ ಹೇಳಿದೆ. ಅದು ಬೇಡ, ಕಾರ್ಬೊಪ್ರೋಸ್ಟ್ ತನ್ನಿ. ಜಾನೆಲ್, ಉಬ್ಬಸ ಇದ್ದೋರಿಗೆ ಅದೂ ಆಗಲ್ಲ, ನಿನಗೇನಾದ್ರೂ ಇದೆಯೇನಮ್ಮಾ?”

ಬಿಳುಚಿಕೊಂಡಿದ್ದ ಜಾನೆಲ್ ಕಣ್ಣು ತೆರೆದರು. “ಇಲ್ಲ. ನನ್ನ ಗಂಡನ ಗೊರಕೆ ಬಿಟ್ರೆ ನಮ್ಮನೇಲಿ ಉಸಿರಿನ ತೊಂದ್ರೆ ಯಾರಿಗೂ ಇಲ್ಲ.”

ತಮ್ಮ ಪಕ್ಕದಲ್ಲೇ ಬಿಡಾರ ಹೂಡಿರುವ ಕಾರ್ಬೊಪ್ರೋಸ್ಟ್ ಅವರು ದಯಮಾಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಡಾಕ್ಟರ ಕೈಯಡಿಯಲ್ಲಿ ಗರ್ಭಕೋಶ ಕಲ್ಲಿನಂತೆ ಬಿಗಿಯಿತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ.

“ಗೊಂಬೆ ಹಾಗೆ ನಿಂತ್ಕೋಬೇಡ,” ಎಂದರು ನನ್ನ ಹಿಂದೆಯೇ ನಿಂತಿದ್ದ ಮಿಸೆಸ್ ಹಾಲ್ವರ್ಸನ್. “ಎಷ್ಟು ರಕ್ತ ಹೋಗಿದೆ ಅಂತ ಗೊತ್ತಾಗ್ಬೇಕು, ರಕ್ತದ ಪ್ಯಾಡ್ ಎಲ್ಲಾ ತೂಕ ಮಾಡು.” ತೂಕ ಮುಗಿಸಿ, ಹಾಸಿಗೆ ಬಟ್ಟೆಯ ಕೋಣೆಗೆ ಹೋಗಿ ನಾನು ಹತ್ತು ನಿಮಿಷ ಅತ್ತೆ. ಹಿಂತಿರುಗಿದಾಗ ಜಾನೆಲ್ ಮಗುವಿಗೆ ಹಾಲೂಡಿಸುತ್ತಿದ್ದರು.

ಆದ್ದರಿಂದ ಮಾನ್ಯರೇ, ತಮ್ಮ ಪರಾಕ್ರಮದ ಬಗ್ಗೆ ಎಳ್ಳಷ್ಟೂ ಸಂಶಯವಿಲ್ಲದ ನನ್ನ ವಿನಮ್ರ ಕೋರಿಕೆ ಇಷ್ಟೇ: ರಕ್ತದೊತ್ತಡ ಏರಿದವರ ಬಳಿಗೆ ತಮ್ಮನ್ನು ಕರೆತಂದಾಗ ದಯವಿಟ್ಟು ಸಿರಿಂಜಿನೊಳಗಿಂದಲೇ ಒಮ್ಮೆ ಕೆಮ್ಮಿ. ಸಾಧ್ಯವಾಗದಿದ್ದರೆ, ಬಾಯಿ ಬಿಡಲು ಹೆದರುವ ವಿದ್ಯಾರ್ಥಿನಿಯ ಬೆನ್ನಿಗಾದರೂ ಒಂದು ಗುದ್ದು ಕೊಡಿ.

ಸೂಜಿಯಷ್ಟು ದೂರದಿಂದ,
ತಮ್ಮ ವಿಶ್ವಾಸಿ,
ಮಾರ್ನಿ ಟಾಲೆಫ್ಸನ್

ಮರೆತ ಮಾತು: ನೆರೆಯ ಕಾರ್ಬೊಪ್ರೋಸ್ಟ್ ಅವರನ್ನು ಹೊಗಳಿದಳೆಂದು ಮುನಿಸು ಬೇಡ. ಜೀವ ಉಳಿಸಿದ ಮೇಲೆ ಅವರು ಜಾನೆಲ್‌ಗೆ ಭೇದಿ ಹಚ್ಚಿದರು. ಸಂಜೆಯವರೆಗೆ ಆಕೆಗೆ ಬೆಡ್‌ಪ್ಯಾನ್ ಇಟ್ಟು ತೆಗೆದವಳು ನಾನೇ. ತಮ್ಮ ಫ್ರಿಜ್ಜಿನಲ್ಲಿ ಉಪಕಾರ ಮಾಡಿ ಸುಮ್ಮನೆ ಹೋಗುವವರು ಒಬ್ಬರೂ ಇಲ್ಲವೇ?