ಅತ್ತೆಯ ಕೊರಳಿಗೊಂದು ಬಿಲ್ಲೆ

“ಅಂಗಡಿಯಲ್ಲಿ ಕೊಂಡು ಕೊಟ್ಟರೆ ಅದು ಬರೀ ಬಿಲ್ಲು. ಕೈಯಾರೆ ಮಾಡಿ ಕೊಟ್ಟರೆ ಅದು ಬಿಲ್ಲೆ.”

ಊಟದ ಮೇಜಿನ ಮುಂದೆ ಕೂತು ಕರಡಿಯವರು ಈ ಮಾತನ್ನು ಘೋಷಿಸಿದಾಗ ಹೆಂಡತಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಮಗಳು ಮಾತ್ರ ಕಿವಿಯಿಂದ ಹಾಡಿನ ವೈರು ಕಿತ್ತು, ಏನೋ ಅನಾಹುತ ಶುರುವಾಗುತ್ತಿದೆ ಎಂಬಂತೆ ಅಪ್ಪನನ್ನು ನೋಡಿದಳು.

ಕರಡಿಯವರು ಅಂದರೆ ಕಾಡಿನವರಲ್ಲ. ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷದಿಂದ ಕರಡು ತಿದ್ದುತ್ತಾ ಬಂದವರು. ತಪ್ಪು ಕಂಡಾಗಲೆಲ್ಲ ಗುರ್ ಎನ್ನುತ್ತಿದ್ದರಿಂದ ಸಹೋದ್ಯೋಗಿಗಳ ಬಾಯಲ್ಲಿ ಕರಡು ಹೋಗಿ ಕರಡಿಯಾಯಿತು. ಅವರು ತಿದ್ದಲಾಗದೆ ಉಳಿದುಹೋದ ಅಚ್ಚಿನ ತಪ್ಪು ಅದೊಂದೇ! ಕೆಮ್ಮಿನ ಔಷಧ ತಂದರೂ ಸೀಸೆಯ ಚೀಟಿಯನ್ನು ಕೆಂಪು ಪೆನ್ನಿನಿಂದ ತಿದ್ದಿ ಮುಗಿಸುವವರೆಗೆ ಕೆಮ್ಮುತ್ತಲೇ ಇರುವ ಜನ. ಮಗಳು ಏಳನೇ ವಯಸ್ಸಿನಲ್ಲಿ ‘ಅಪ್ಪ ನೀನಂದ್ರೆ ಇಷ್ಟ’ ಎಂದು ಬರೆದುಕೊಟ್ಟ ಚೀಟಿಗೆ, ‘ಅಪ್ಪ’ದ ಮುಂದೆ ಅಲ್ಪವಿರಾಮ ಹಾಕಿ ವಾಪಸು ಕೊಟ್ಟವರು.

ಇಂಥವರಿಗೆ ಬಿಲ್ಲೆಯ ಹುಚ್ಚು ಹಿಡಿಸಿದ್ದು ಷಡ್ಡಕ. ನಾದಿನಿಯ ಗಂಡನಾದ ಆತನಿಗೆ ಮೇಜು ಕುರ್ಚಿಗಳ ದೊಡ್ಡ ಅಂಗಡಿಯಿತ್ತು. ಹಿಂದಿನ ವರ್ಷ ಅತ್ತೆಯ ಹುಟ್ಟುಹಬ್ಬಕ್ಕೆ ಆತ ಗುಂಡಿ ಒತ್ತಿದರೆ ಬೆನ್ನು ಒತ್ತುವ ಕುರ್ಚಿಯೊಂದನ್ನು ತಂದಿದ್ದ. ಕರಡಿಯವರು ಕೊಟ್ಟದ್ದು ನಿಘಂಟು. ಕುರ್ಚಿಯ ಒಂದು ಕಾಲು ಸ್ವಲ್ಪ ಗಿಡ್ಡವಾಗಿ ಅಲ್ಲಾಡುತ್ತಿತ್ತು. ಷಡ್ಡಕ ಆಚೀಚೆ ನೋಡಿದ; ನಿಘಂಟು ಕಂಡಿತು. ದಪ್ಪ ಹೇಳಿ ಮಾಡಿಸಿದ ಹಾಗಿದೆ ಎಂದು ಇಡೀ ಮನೆ ಮೆಚ್ಚಿಕೊಂಡಿತು. ಕರಡಿಯವರು ಅದನ್ನು ಮರೆಯಲಿಲ್ಲ. ಈ ಸಲ ಅತ್ತೆಗೆ ಎಪ್ಪತ್ತು ತುಂಬುತ್ತದೆ. ಹಿತ್ತಾಳೆಯ ಬಿಲ್ಲೆಯ ಮೇಲೆ ಒಂದೊಂದೇ ಅಕ್ಷರವನ್ನು ಸುತ್ತಿಗೆಯಿಂದ ಹೊಡೆದು ಮೂಡಿಸಿ, ಸರಕ್ಕೆ ಪೋಣಿಸಿ, ಅತ್ತೆಗೊಂದು, ಹೆಂಡತಿಗೊಂದು, ನಾದಿನಿಗೊಂದು ತಮ್ಮ ಕೈಯಾರೆ ಕೊಡುತ್ತಾರೆ. ಅಕ್ಷರದ ವಿಷಯದಲ್ಲಿ ಅವರನ್ನು ಮೀರಿಸುವ ಷಡ್ಡಕ ಇನ್ನೂ ಹುಟ್ಟಿಲ್ಲ.

ಹೆಂಡತಿ ಶಾಲೆಯಲ್ಲಿ ಟೀಚರು. ನಲವತ್ತು ಮಕ್ಕಳನ್ನು ಒಂದೇ ವಾಕ್ಯದಲ್ಲಿ ಕೂರಿಸಿ ಅಭ್ಯಾಸ.

“ಗೋಡೆಗೆ ಒಂದು ಮೊಳೆ ಹೊಡೆಯೋಕೆ ಹೋಗಿ ಪಕ್ಕದ ಮನೆ ಗಡಿಯಾರ ಬೀಳಿಸಿದೋರು ನೀವು.”

“ಅದು ಮೊಳೆ. ಇದು ಅಚ್ಚುಮೊಳೆ.”

ನಿನಗೂ ಒಂದು ಬೇಕಾ ಎಂದು ಮಗಳನ್ನು ಕೇಳಿದರು. ತನಗೆ ಎರಡನೇ ಮುದ್ರಣದಲ್ಲಿ ಕೊಟ್ಟರೆ ಸಾಕು ಎಂದು ಆಕೆ ವೈರನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡಳು.

ನಾಮಫಲಕ ಕೆತ್ತುವವನೊಬ್ಬನ ಬೆನ್ನು ಬಿದ್ದು ಕರಡಿಯವರು ಅಚ್ಚುಮೊಳೆಗಳನ್ನು ಮಾಡಿಸಿಕೊಂಡು ಬಂದರು. ಬೆರಳುದ್ದದ ಉಕ್ಕಿನ ಕಡ್ಡಿಗಳು. ಅಕ್ಷರಕ್ಕೊಂದು, ಕಾಗುಣಿತದ ಗುರುತಿಗೊಂದು, ಒತ್ತಿಗೊಂದು. ತುದಿಯಲ್ಲಿ ಎಳ್ಳಿನಷ್ಟು ಗಾತ್ರದ ಅಕ್ಷರ, ಅದೂ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ. ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಕುಳಿಗಳು, ಪ್ರತಿ ಕುಳಿಯ ಪಕ್ಕ ಅಕ್ಷರದ ಹೆಸರು. ಬಿಲ್ಲೆಯ ಮೇಲೆ ಮೊಳೆ ನಿಲ್ಲಿಸಿ ಅದರ ನೆತ್ತಿಗೆ ಒಂದೇ ಏಟು ಹಾಕಬೇಕು. ಎರಡನೇ ಏಟು ಬಿದ್ದರೆ ಅಕ್ಷರಕ್ಕೆ ಅವಳಿ ಹುಟ್ಟುತ್ತದೆ ಎಂದು ಕೆತ್ತುವವನು ಎಚ್ಚರಿಸಿದ್ದ.

ಹುಟ್ಟುಹಬ್ಬ ಶನಿವಾರ ಸಂಜೆ. ಕರಡಿಯವರು ಶುಕ್ರವಾರ, ಶನಿವಾರ ಎರಡು ದಿನ ರಜೆ ಹಾಕಿದರು. ರಜೆಯ ಕಾರಣ ಎಂಬಲ್ಲಿ ‘ಕಲಾಸೇವೆ’ ಎಂದು ಬರೆದರು.

ಶುಕ್ರವಾರ ಬೆಳಿಗ್ಗೆ ಹೆಂಡತಿ ಶಾಲೆಗೆ ಹೋದದ್ದೇ ತಡ, ಊಟದ ಮೇಜಿನ ಮೇಲೆ ಕಲಾಸೇವೆ ಆರಂಭವಾಯಿತು. ಮೊದಲ ಏಟಿಗೆ ಬಿಲ್ಲೆ ಚಿಮ್ಮಿ ಮೀನಿನ ತೊಟ್ಟಿಗೆ ಬಿತ್ತು. ಮೀನು ಅದರ ಸುತ್ತ ಒಂದು ಸುತ್ತು ಹಾಕಿ ಮೂಲೆ ಸೇರಿತು. ಎರಡನೇ ಏಟು ಬಿಲ್ಲೆಯನ್ನು ತಪ್ಪಿಸಿ ನೇರ ಮೇಜಿಗೇ ಬಿದ್ದು, ಅಲ್ಲೊಂದು ಅಚ್ಚುಕಟ್ಟಾದ ‘ಹ’ ಮೂಡಿತು. ಮೂರನೆಯದು ಹೆಬ್ಬೆರಳಿಗೆ. ಆಗ ‘ಹಾ’ ಎಂಬುದು ಅವರ ಬಾಯಿಂದಲೇ ದೀರ್ಘವಾಗಿ ಹೊರಟಿತು. ಹತ್ತು ಬಿಲ್ಲೆ ಹಾಳಾದ ಮೇಲೆ ಅವರಿಗೆ ಎರಡು ಸತ್ಯಗಳು ಹೊಳೆದವು. ಒಂದು, ಅನುಸ್ವಾರವನ್ನು ಮಾತ್ರ ಎಷ್ಟೇ ಪ್ರಯತ್ನಪಟ್ಟರೂ ತಲೆಕೆಳಗಾಗಿ ಹೊಡೆಯಲು ಆಗುವುದಿಲ್ಲ. ಇನ್ನೊಂದು, ಮರದ ಮೇಜು ಏಟನ್ನೆಲ್ಲ ತಾನೇ ನುಂಗಿಬಿಡುತ್ತದೆ. ಬಿಲ್ಲೆಯ ಅಡಿಗೆ ಗಟ್ಟಿಯಾದದ್ದೇನಾದರೂ ಬೇಕು.

ಮನೆಯಲ್ಲಿ ಅತ್ಯಂತ ಗಟ್ಟಿಯಾದದ್ದು ಹೆಂಡತಿಯ ಬೀಡುಕಬ್ಬಿಣದ ದೋಸೆ ಕಾವಲಿ. ಅದನ್ನು ಬೋರಲು ಹಾಕಿ, ಮೇಲೆ ಬಿಲ್ಲೆ ಇಟ್ಟು, ಉಸಿರು ಬಿಗಿಹಿಡಿದು ಹೊಡೆದರು. ಠಣ್ ಎಂಬ ಸದ್ದು ಕೇಳಿ ಅವರ ಮುಖ ಅರಳಿತು. ಬಿಲ್ಲೆಯ ಮೇಲೆ ಸೊಗಸಾದ ‘ತ’ ಮೂಡಿತ್ತು. ಅದನ್ನು ಬೆಳಕಿಗೆ ಹಿಡಿಯಲು ಎತ್ತಿಕೊಂಡಾಗ ಕಾವಲಿ ಯಾವ ಗಡಿಬಿಡಿಯೂ ಇಲ್ಲದೆ ಎರಡು ಹೋಳಾಗಿ, ಆ ಕಡೆ ಒಂದು ಈ ಕಡೆ ಒಂದು ಮಲಗಿತು.

ಮಧ್ಯಾಹ್ನ ಮನೆಗೆ ಬಂದ ಹೆಂಡತಿ ಎರಡೂ ಹೋಳುಗಳನ್ನು ಜೋಡಿಸಿ ನೋಡಿದಳು, ಬಿಡಿಸಿ ನೋಡಿದಳು. ಅದು ಅವಳ ಅಮ್ಮ ಕೊಟ್ಟ ಕಾವಲಿ. ಅಮ್ಮನಿಗೆ ಕೊಡುವ ಉಡುಗೊರೆಗೆ ಅಮ್ಮ ಕೊಟ್ಟ ಉಡುಗೊರೆಯನ್ನೇ ಒಡೆದ ಗಂಡನಿಗೆ ಏನು ಹೇಳಬೇಕೆಂದು ಯಾವ ಪಾಠದಲ್ಲೂ ಇರಲಿಲ್ಲವೇನೋ, ಸುಮ್ಮನೆ ಹೋಳುಗಳನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದಳು. ಆ ಬಾಗಿಲು ಹಾಕಿದ ಸದ್ದಿನಲ್ಲಿ ಹೇಳಬೇಕಾದದ್ದೆಲ್ಲ ಇತ್ತು.

ಕರಡಿಯವರು ಎದೆಗುಂದಲಿಲ್ಲ. ಮಗಳು ವ್ಯಾಯಾಮಕ್ಕೆಂದು ತಂದಿಟ್ಟ ಹತ್ತು ಕಿಲೋದ ಕಬ್ಬಿಣದ ಚಕ್ರವಿತ್ತು. ಇದು ಒಡೆಯುವ ಜಾತಿಯಲ್ಲ ಎಂದು ಖಾತ್ರಿ ಮಾಡಿಕೊಂಡು, ಅದನ್ನು ನಡುಮನೆಯ ನೆಲದ ಮೇಲಿಟ್ಟು, ತಾವೂ ನೆಲಕ್ಕೆ ಕೂತು ಹೊಡೆಯತೊಡಗಿದರು. ಅಕ್ಷರಗಳು ಈಗ ಮಣಿದವು. ಒಂದು ಗಂಟೆ ಕಳೆಯುವಷ್ಟರಲ್ಲಿ ಕೈ ಕುದುರಿತು. ಇನ್ನೇನು ಅಸಲಿ ಬಿಲ್ಲೆಗಳನ್ನು ಕೈಗೆತ್ತಿಕೊಳ್ಳಬೇಕು, ಅಷ್ಟರಲ್ಲಿ ಬಾಗಿಲ ಗಂಟೆ ಕಿರ್ರೆಂದು ಬಿಡದೆ ಹೊಡೆದುಕೊಂಡಿತು. ಬೆಚ್ಚಿಬಿದ್ದ ಕರಡಿಯವರ ಮೊಣಕೈ ತಗಲಿ ಪೆಟ್ಟಿಗೆ ಮಗುಚಿತು. ಇಡೀ ಅಕ್ಷರಮಾಲೆ ಸೋಫಾದ ಅಡಿಗೆ ಉರುಳಿಕೊಂಡು ಹೋಯಿತು.

ಬಾಗಿಲಲ್ಲಿದ್ದವರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕು ಸರಿಯಾಗಿ ಕರಡಿಯವರ ನಡುಮನೆಯ ಕೆಳಗಿತ್ತು. ಡಾಕ್ಟರು ಸಿಟ್ಟು ಮಾಡುವ ಮನುಷ್ಯರಲ್ಲ. ತೋರುಬೆರಳನ್ನು ಮಾತ್ರ ಮುಂದೆ ಚಾಚಿದರು. ಅದಕ್ಕೆ ದಪ್ಪಗೆ ಬ್ಯಾಂಡೇಜು ಸುತ್ತಿತ್ತು.

“ಸಾರ್, ನೀವು ಇಲ್ಲಿ ಒಂದು ಹೊಡೀತೀರಿ. ಅಲ್ಲಿ ಪೇಷಂಟು ಬೆದರಿ ಬಾಯಿ ಮುಚ್ತಾರೆ. ಆಗ ನನ್ನ ಬೆರಳು ಒಳಗಿರುತ್ತೆ.”

ಕರಡಿಯವರು ನೊಂದುಕೊಂಡರು. ಮಾತುಕತೆಯಾಗಿ, ಡಾಕ್ಟರು ಊಟಕ್ಕೆ ಹೋಗುವ ಒಂದರಿಂದ ಎರಡು ಗಂಟೆಯ ತನಕ ಮಾತ್ರ ಸುತ್ತಿಗೆ ಎತ್ತುವುದೆಂದು ಒಪ್ಪಂದವಾಯಿತು. ಶುಕ್ರವಾರದ ಒಂದರಿಂದ ಎರಡು ಆಗಲೇ ಕಳೆದುಹೋಗಿತ್ತು. ರಾತ್ರಿ ಹೊಡೆದರೆ ಪಕ್ಕದ ಮನೆಯವರು ಬಿಡುವುದಿಲ್ಲ. ಉಳಿದದ್ದು ಶನಿವಾರದ ಒಂದೇ ಒಂದು ಗಂಟೆ.

ಆ ಸಂಜೆ ಕರಡಿಯವರು ಸೋಫಾದ ಅಡಿಗೆ ಪೊರಕೆ ಹಾಕಿ ಅಕ್ಷರಗಳನ್ನು ಹೊರಗೆಳೆದು, ಒಂದೊಂದನ್ನೂ ಕಣ್ಣಿನ ಹತ್ತಿರ ಹಿಡಿದು ಕುಳಿಗೆ ಸೇರಿಸಿದರು. ಎಳ್ಳಿನ ಗಾತ್ರದ ಉಲ್ಟಾ ಅಕ್ಷರಗಳು ಯಾರನ್ನಾದರೂ ಯಾಮಾರಿಸಬಹುದು ಎಂದು ಮಗಳಿಗೆ ಅನಿಸಿತು. ಒಂದೊಂದಕ್ಕೂ ಮಸಿ ಹಚ್ಚಿ ಕಾಗದದ ಮೇಲೆ ಒತ್ತಿ ನೋಡೋಣ, ಐದು ನಿಮಿಷದ ಕೆಲಸ ಎಂದಳು. ಅವರು ಕನ್ನಡಕದ ಮೇಲಿನಿಂದ ಆಕೆಯನ್ನು ನೋಡಿದರು.

“ಮೂವತ್ತು ವರ್ಷ ಅಕ್ಷರದ ಜೊತೆ ಬಾಳಿದೀನಿ ಕಣೇ. ಬೆನ್ನು ನೋಡಿದರೂ ಯಾರು ಅಂತ ಹೇಳ್ತೀನಿ.”

ಶನಿವಾರ ಒಂದು ಗಂಟೆಗೆ ಡಾಕ್ಟರ ಸ್ಕೂಟರು ಹೊರಟ ಸದ್ದು ಕೇಳಿತು. ಕರಡಿಯವರು ಚಕ್ರದ ಮುಂದೆ ಕೂತೇ ಇದ್ದರು. ಅತ್ತೆಯ ಬಿಲ್ಲೆಯ ಮೇಲೆ ‘ಎಪ್ಪತ್ತು ವಸಂತಗಳನ್ನು ಕಂಡ ಪೂಜ್ಯ ಅತ್ತೆಯವರಿಗೆ’ ಎಂದು ಹೊಡೆಯುವ ಯೋಜನೆಯಿತ್ತು. ಬಿಲ್ಲೆಯ ಅಗಲ ನೋಡಿದರೆ ವಸಂತಗಳೂ ಹಿಡಿಸುವುದಿಲ್ಲ, ಪೂಜ್ಯರೂ ಹಿಡಿಸುವುದಿಲ್ಲ. ಬರೀ ‘ಅತ್ತೆ’ ಆದರೆ ಸಲೀಸಾಗಿ ಕೂರುತ್ತಾರೆ. ಸರಿ ಎಂದು ಕುಳಿ ನೋಡಿ, ಮೊಳೆ ಎತ್ತಿ, ಹೊಡೆದರು. ಚಿತ್ರ ಬರೆಯುವ ಹವ್ಯಾಸದ ನಾದಿನಿಗೆ ‘ಕಲೆ’. ಹೆಂಡತಿಗೆ ಏನು ಎಂದು ಬಹಳ ಯೋಚಿಸಿ, ಮದುವೆಯಾದ ಹೊಸದರಲ್ಲೂ ಬಾಯಿಬಿಟ್ಟು ಕರೆಯದ ಒಂದು ಪದವನ್ನು ಆರಿಸಿದ್ದರು: ‘ನಲ್ಲೆ’. ಅದರ ಕೊನೆಯ ಗುರುತು ಹೊಡೆಯುವಾಗ ಕೆಳಗೆ ಸ್ಕೂಟರು ವಾಪಸು ಬಂದ ಸದ್ದಾಯಿತು. ಅವಸರದಲ್ಲಿ ಕೈಗೆ ಸಿಕ್ಕಿದ ಮೊಳೆಯನ್ನು ಹಿಡಿದು ಏಟು ಹಾಕಿ ಮುಗಿಸಿಬಿಟ್ಟರು.

ಮಿರಮಿರ ಹೊಳೆಯುವ ಹಿತ್ತಾಳೆಯಲ್ಲಿ ಅಕ್ಷರ ಸುಲಭಕ್ಕೆ ಕಾಣುವುದಿಲ್ಲ. ಮೇಲೆ ಕಪ್ಪು ಬಳಿದು ಒರೆಸಿದರೆ ಗೆರೆಗಳಲ್ಲಿ ಮಾತ್ರ ಕಪ್ಪು ನಿಂತು ಅಕ್ಷರ ಎದ್ದು ಬರುತ್ತದೆ. ಮನೆಯಲ್ಲಿದ್ದ ಕಪ್ಪು ಅಂದರೆ ಬೂಟಿನ ಪಾಲಿಷ್. ಅದನ್ನು ಬಳಿದರು. ಒರೆಸುವುದಕ್ಕೆ ಮುಂಚೆ ಅವರಿಗೊಂದು ಘನವಾದ ವಿಚಾರ ಹೊಳೆಯಿತು: ಒರೆಸುವ ಭಾಗ್ಯ ಪಡೆಯುವವರದೇ ಆಗಲಿ! ಎಲ್ಲರ ಕಣ್ಣೆದುರೇ ಅಕ್ಷರ ಉದಯಿಸಲಿ! ಕಪ್ಪು ಮೆತ್ತಿದ ಮೂರು ಬಿಲ್ಲೆಗಳನ್ನು ಹಾಗೇ ಸರಕ್ಕೆ ಪೋಣಿಸಿ ಡಬ್ಬಿಗಳಲ್ಲಿ ಮಲಗಿಸಿದರು.

ಸಂಜೆ ಅತ್ತೆಯ ಮನೆಗೆ ಇವರು ಹೋಗುವಷ್ಟರಲ್ಲಿ ಷಡ್ಡಕ ಆಗಲೇ ಮೆರೆಯುತ್ತಿದ್ದ. ಈ ಸಲ ಆತ ತಂದದ್ದು ಕಾಲು ಒತ್ತುವ ಯಂತ್ರ. ಅತ್ತೆ ಅದರೊಳಗೆ ಎರಡೂ ಪಾದ ತೂರಿಸಿ, ಗರ್ರೆನ್ನುವ ಸದ್ದಿನ ನಡುವೆ, “ಚೆ-ಚೆ-ಚೆನ್ನಾಗಿದೆ” ಎಂದು ಇಡೀ ಮೈ ಅದುರಿಸುತ್ತಾ ಹೇಳುತ್ತಿದ್ದರು. ಕರಡಿಯವರು ಗಂಟಲು ಸರಿಪಡಿಸಿಕೊಂಡು, ಕೈಕೆಲಸದ ಮಹತ್ವ, ಅಕ್ಷರದ ಆಯುಸ್ಸು, ಯಂತ್ರಗಳ ಕ್ಷಣಿಕತೆ ಈ ಮೂರರ ಬಗ್ಗೆ ಚಿಕ್ಕ ಭಾಷಣ ಮಾಡಿ ಡಬ್ಬಿಗಳನ್ನು ಹಂಚಿದರು.

ನಾದಿನಿ ಮೊದಲು ಒರೆಸಿದಳು. ಬಿಳಿ ಕರವಸ್ತ್ರ ಕಪ್ಪಾಯಿತು. ಬಿಲ್ಲೆಯಲ್ಲಿ ಅಕ್ಷರ ಉದಯಿಸಿತು.

“ಅಲೆ,” ಎಂದು ಓದಿದಳು. “ಅಲೆ ಅಂದ್ರೇನು ಭಾವ?”

ದಿನವಿಡೀ ಪೇಟೆ ಅಲೆಯುತ್ತಾಳಲ್ಲ, ಅದನ್ನೇ ಅಣ್ಣ ಬರೆದಿರಬೇಕು ಎಂದು ಷಡ್ಡಕ ನಕ್ಕ. ಕರಡಿಯವರಿಗೆ ನಗು ಬರಲಿಲ್ಲ. ಅವರ ತಲೆಯಲ್ಲಿ ಮೂವತ್ತು ವರ್ಷದ ಅನುಭವ ಸರಸರನೆ ಕೆಲಸ ಮಾಡತೊಡಗಿತ್ತು. ‘ಕ’ ಇರಬೇಕಾದ ಕುಳಿಯಿಂದ ‘ಅ’ ಬಂದಿದೆ. ಹಾಗಾದರೆ ‘ಅ’ ಇರಬೇಕಾದ ಕುಳಿಯಲ್ಲಿ ‘ಕ’ ಕೂತಿತ್ತು. ಆ ಕುಳಿಯಿಂದ ಮೊಳೆ ಎತ್ತಿ ಹೊಡೆದದ್ದು...

ಅತ್ತೆಯ ಬಿಲ್ಲೆಗೆ.

ಒಂದೇ ನೆಗೆತಕ್ಕೆ ಅತ್ತೆಯ ಬಳಿ ಹೋಗಿ, ಪಾಲಿಷ್ ಇನ್ನೂ ಹಸಿಯಿದೆ, ಒರೆಸಿದರೆ ಕೆಡುತ್ತದೆ, ನಾಳೆ ತಾವೇ ಸರಿಮಾಡಿ ತಂದುಕೊಡುವುದಾಗಿ ಹೇಳಿ ಡಬ್ಬಿಗೆ ಕೈ ಹಾಕಿದರು. ಅತ್ತೆ ಬಿಡಲಿಲ್ಲ. ಎಪ್ಪತ್ತಾದವರ ಹತ್ತಿರ ನಾಳೆಯ ಮಾತು ಆಡಬಾರದು ಎಂದು ಅದುರುತ್ತಲೇ ಹೇಳಿ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು. ಇವರು ಎಳೆದರು, ಅವರು ಎಳೆದರು. ಈ ಗಡಿಬಿಡಿಯ ನಡುವೆ ಹೆಂಡತಿ ತನ್ನ ಬಿಲ್ಲೆಯನ್ನು ಸದ್ದಿಲ್ಲದೆ ಒರೆಸಿ ಮುಗಿಸಿದ್ದಳು.

“ರೀ,” ಎಂದಳು. ದನಿ ತಣ್ಣಗಿತ್ತು. “ಇಷ್ಟು ವರ್ಷ ಸಂಸಾರ ಮಾಡಿದ್ದಕ್ಕೆ ನನ್ನನ್ನ ನಲ್ಲಿ ಮಾಡಿದೀರಿ.”

ಕರಡಿಯವರು ತಿರುಗಿ ನೋಡಿದರು. ಸೊಗಸಾಗಿ, ದುಂಡಗೆ, ‘ನಲ್ಲಿ’ ಎಂದೇ ಇತ್ತು. ‘ಲ್ಲೆ’ ಆಗಬೇಕಿತ್ತು ಎಂದು ತೊದಲಿದರು.

“ಇರಲಿ ಬಿಡಿ. ಮನೆಗೆ ಬನ್ನಿ, ನೀರಿಳಿಸ್ತೀನಿ.”

ಈ ಒಂದು ಕ್ಷಣದಲ್ಲಿ ಡಬ್ಬಿ ಅವರ ಕೈಯಿಂದ ಜಾರಿ ಅತ್ತೆಯ ಪಾಲಾಗಿತ್ತು. ಅತ್ತೆ ಕನ್ನಡಕ ಹಾಕಿಕೊಂಡರು. ಕಾಗದದ ಕರವಸ್ತ್ರದಿಂದ ನಿಧಾನವಾಗಿ ಒರೆಸಿದರು. ಬಿಲ್ಲೆಯನ್ನು ದೀಪದ ಕಡೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಯಂತ್ರದ ಅದುರಿನಲ್ಲಿ ಗಟ್ಟಿಯಾಗಿ ಓದಿದರು.

“ಕ-ಕ-ಕತ್ತೆ.”

ಕರಡಿಯವರ ಮಗಳು ಬಾಯಿಗೆ ಕೈ ಅಡ್ಡ ಹಿಡಿದಳು. ನಾದಿನಿ ಗೋಡೆ ನೋಡಿದಳು. ಷಡ್ಡಕನ ಮುಖದಲ್ಲಿ ಹುಟ್ಟುಹಬ್ಬ ತನ್ನದೇ ಎಂಬಷ್ಟು ಸಂತೋಷ. ಕರಡಿಯವರು ಎಂದಾದರೂ ಭೂಮಿ ಬಾಯಿಬಿಡಲಿ ಎಂದು ಬಯಸಿದ್ದರೆ ಅದು ಈಗ. ಆದರೆ ಕೆಳಗೆ ಯಾವ ಹಲ್ಲಿನ ಡಾಕ್ಟರೂ ಇಲ್ಲದ ಆ ಮನೆಯ ನೆಲ ಬಾಯಿ ಬಿಡಲಿಲ್ಲ.

“ಅ ಇರಬೇಕಿತ್ತು ಅತ್ತೆ,” ಎಂದರು ಕೊನೆಗೆ. “ಮೊಳೆ ಅದಲುಬದಲಾಗಿತ್ತು. ಮಗಳು ನೋಡಿಕೊಳ್ಳಿ ಅಂದಳು. ನಾನು ನೋಡಲಿಲ್ಲ. ತಪ್ಪು ನನ್ನದು.”

ಈ ಕೊನೆಯ ಮಾತು ಅವರ ಬಾಯಿಂದ ಬಂದದ್ದನ್ನು ಹೆಂಡತಿ ಕೇಳಿದ್ದು ಅದೇ ಮೊದಲು. ಅವಳು ಬಿಲ್ಲೆಯನ್ನು ಕೊರಳಿಗೆ ಹಾಕಿಕೊಂಡಳು.

ಅತ್ತೆ ಅಳಿಯನ ಮುಖ ನೋಡಿದರು. ಆಮೇಲೆ ಕೈ ನೋಡಿದರು. ಹೆಬ್ಬೆರಳು ಊದಿಕೊಂಡು ಬದನೆಕಾಯಿಯ ಬಣ್ಣಕ್ಕೆ ತಿರುಗಿತ್ತು. ಅವರು ಬಗ್ಗಿ ಯಂತ್ರದ ಗುಂಡಿ ಒತ್ತಿ ನಿಲ್ಲಿಸಿ, ಪಾದಗಳನ್ನು ಹೊರತೆಗೆದು ಎದ್ದು ನಿಂತರು. ಮಾತು ಈಗ ಅದುರಬಾರದಿತ್ತು.

“ಸ್ವಲ್ಪ ತಲೆ ಬಗ್ಗಿಸಿ, ಅಳಿಯಂದ್ರೇ.”

ಕರಡಿಯವರು ಬಗ್ಗಿಸಿದರು. ಅತ್ತೆ ಸರವನ್ನು ಅವರ ಕೊರಳಿಗೇ ಹಾಕಿ, ಬಿಲ್ಲೆ ಎದೆಯ ನಡುವೆ ನೆಟ್ಟಗೆ ಕೂರುವಂತೆ ಸರಿಪಡಿಸಿ, ಒಂದು ಹೆಜ್ಜೆ ಹಿಂದೆ ಸರಿದು ನೋಡಿದರು.

“ಕಾಗುಣಿತ ಸರಿಯಾಗೇ ಇದೆ. ಕೊಡೋ ವಿಳಾಸ ತಪ್ಪಿತ್ತು, ಅಷ್ಟೆ.”

ಷಡ್ಡಕ ಹೊಟ್ಟೆ ಹಿಡಿದುಕೊಂಡು ನಕ್ಕ. ಅಣ್ಣನಿಗೆ ಎಷ್ಟು ಚೆನ್ನಾಗಿ ಒಪ್ಪುತ್ತದೆ, ಹೇಳಿ ಮಾಡಿಸಿದ ಹಾಗಿದೆ ಎಂದು ಫೋಟೋ ತೆಗೆಯಲು ಫೋನು ಎತ್ತಿದ. ಅತ್ತೆ ಆತನನ್ನೂ ಅಡಿಯಿಂದ ಮುಡಿಯವರೆಗೆ ಒಂದು ಸಲ ಅಳೆದು, ಮತ್ತೆ ಕರಡಿಯವರ ಕಡೆ ತಿರುಗಿದರು.

“ಹೇಗೂ ಕೈ ಕೂತಿದೆ. ಇಂಥದ್ದೇ ಇನ್ನೊಂದು ಹೊಡೆದುಬಿಡಿ. ನನಗೆ ಇಬ್ಬರು ಅಳಿಯಂದಿರು.”