ಅಕ್ಕನ ಬ್ಯಾಟರಿ ಗಾಡಿ, ನನ್ನ ಹೊಟ್ಟೆಕಿಚ್ಚು

ಇನ್ನೊಬ್ಬರ ಮಂಡಿನೋವು ನೋಡಿ ಹೊಟ್ಟೆಕಿಚ್ಚು ಪಡುವವರೂ ಇರ್ತಾರಾ ಅಂತ ಯಾರಾದರೂ ಕೇಳಿದರೆ, ನಾನು ಸುಮ್ಮನೆ ಎದ್ದು ಅಡುಗೆಮನೆಗೆ ಹೋಗಿಬಿಡ್ತೀನಿ. ನನ್ನ ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಅವಳ ಮನೆ ಮೂಡಲಪಾಳ್ಯದಲ್ಲಿ, ನಮ್ಮದು ಬಸವೇಶ್ವರನಗರದಲ್ಲಿ. ಮಂಡಿ ಆಪರೇಷನ್ ಆದಮೇಲೆ ಹೆಚ್ಚು ಹೊತ್ತು ನಿಲ್ಲಬಾರದು, ನಡೀಬಾರದು ಅಂತ ಡಾಕ್ಟರು ಅವಳಿಗೆ ಹೇಳಿದರು. ಅಂಗಡಿಗೆ ಹೋಗಬಾರದು ಅಂತ ಮಾತ್ರ ಹೇಳಲಿಲ್ಲ. ಹಾಗಾಗಿ ಮಾಲ್‌ಗೆ ಹೋದಾಗಲೆಲ್ಲ ಅಲ್ಲಿನ ಹೆಲ್ಪ್ ಡೆಸ್ಕಿನಲ್ಲಿ ಅವಳಿಗೊಂದು ಗಾಡಿ ಕೇಳಿ ತಗೊಳ್ಳೋದು ರೂಢಿಯಾಯಿತು. ಅವತ್ತಿನಿಂದ ನನ್ನ ಹೊಟ್ಟೆಕಿಚ್ಚಿನ ಕಥೆ ನಡೀತಾನೇ ಇದೆ.

ಚೀಲದ ಭಾರ

ಮೊದಲ ಸಲ ಸಿಕ್ಕಿದ್ದು ಮಾಮೂಲಿ ವೀಲ್‌ಚೇರ್. ಅಣ್ಣನ ಮಗನ ಮದುವೆಗೆ ಬಟ್ಟೆ ತರಬೇಕಿತ್ತು. ನಮ್ಮ ಯಜಮಾನರು ತಮ್ಮ ಲೈಸೆನ್ಸ್ ಅಡ ಇಟ್ಟು ಕುರ್ಚಿ ಬಿಡಿಸಿಕೊಂಡು ಬಂದು, ತಾವೇ ತಳ್ಳುತ್ತೀನಿ ಅಂತ ನಿಂತರು. ಇದೇ ಮನುಷ್ಯ ವಿಜಯನಗರದ ಮಾರ್ಕೆಟ್ಟಿನಲ್ಲಿ ನಾನು ಎರಡು ಕೈಯಲ್ಲಿ ತರಕಾರಿ ಚೀಲ ಹಿಡಿದು ಒದ್ದಾಡುತ್ತಿದ್ದರೆ, ನಾನು ಯಾರೋ ಏನೋ ಅನ್ನುವ ಹಾಗೆ ಮುಂದೆ ಮುಂದೆ ನಡೆಯೋರು. ಈಗ ನೋಡಿದರೆ ಅತ್ತಿಗೆ, ಕಾಲು ಒಳಗಿಟ್ಕೊಳ್ಳಿ, ಅತ್ತಿಗೆ, ಏಸಿ ಜಾಸ್ತಿ ಆಯ್ತಾ ಅಂತ ಉಪಚಾರವೋ ಉಪಚಾರ. ಕೊಂಡ ಸಾಮಾನೆಲ್ಲ ನನ್ನ ಹೆಗಲಿಗೆ.

ಕೊನೆಗೆ ತಡೆಯಲಾರದೆ, ನನಗೂ ಭುಜ ಬಿದ್ದು ಹೋಗ್ತಾ ಇದೆ ಅಂದೆ. ಅವರು ತಕ್ಷಣ ನಿಂತು ನನ್ನ ಕೈಯಿಂದ ಚೀಲಗಳನ್ನೆಲ್ಲ ಇಸ್ಕೊಂಡರು. ನನಗೆ ಕಣ್ಣು ತುಂಬಿ ಬಂತು. ಅವನ್ನ ಅಕ್ಕನ ತೊಡೆ ಮೇಲೆ ಇಡಲು ಬಗ್ಗಿದವರು ಒಂದು ಗಳಿಗೆ ಯೋಚನೆ ಮಾಡಿದರು. ಆಮೇಲೆ, "ಬೇಡ, ಅತ್ತಿಗೆ ಮಂಡಿಗೆ ಭಾರ ಆಗುತ್ತೆ" ಅಂತ ಒಂದೊಂದಾಗಿ ಎಲ್ಲವನ್ನೂ ವಾಪಸ್ ನನಗೇ ಕೊಟ್ಟರು.

ನಿಧಾನ

ಮುಂದಿನ ಸಲ ನಾನು, ಅಕ್ಕ ಇಬ್ಬರೇ ಹೋಗಿದ್ದೆವು. ಹೆಲ್ಪ್ ಡೆಸ್ಕಿನವರು ಒಂದು ಕೆಂಪು ಬ್ಯಾಟರಿ ಗಾಡಿ ತಂದು ನಿಲ್ಲಿಸಿದರು. ಸ್ಕೂಟಿ ತರಹ ಹ್ಯಾಂಡಲ್, ಮುಂದೆ ಬುಟ್ಟಿ, ಮೆತ್ತನೆ ಸೀಟು, ಹಾರ್ನ್ ಬೇರೆ. ಜನ್ಮದಲ್ಲಿ ಸೈಕಲ್ ಮುಟ್ಟದವಳು ಅಕ್ಕ. ಆ ಗಾಡಿ ಹತ್ತಿ, ಒಂದು ಕಂಬಕ್ಕೆ ಮೆಲ್ಲಗೆ ಗುದ್ದಿ, ಅದಕ್ಕೆ ಸಾರಿ ಹೇಳಿ, ಆಮೇಲೆ ಹುಟ್ಟಿದಾಗಿನಿಂದ ಅದರ ಮೇಲೇ ಇದ್ದವಳ ಹಾಗೆ ಹೊರಟಳು. ಜನ ದಾರಿ ಬಿಟ್ಟರು. ಸೆಕ್ಯೂರಿಟಿಯವನು ಸಲಾಂ ಹೊಡೆದ. ಯಾವುದೋ ಮಗು ತನಗೂ ಅಂಥದ್ದೇ ಬೇಕು ಅಂತ ನೆಲದ ಮೇಲೆ ಬಿದ್ದು ಹೊರಳಾಡಿತು. ಅದರ ಸಂಕಟ ನನಗೊಬ್ಬಳಿಗೇ ಅರ್ಥವಾಗಿದ್ದು.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಂದೆ ಓಡಿದೆ. ಚಪ್ಪಲಿ ಅಂಗಡಿ ತಿರುವಿನಲ್ಲಿ ಅವಳು ಕಣ್ಮರೆಯಾದಳು. ಹುಡುಕುತ್ತಾ ಏದುಸಿರು ಬಿಡುತ್ತಿರುವಾಗ ಫೋನ್ ಬಂತು. ಅಕ್ಕನದೇ. ದಿನಸಿ ತಗೊಂಡು ಬಿಲ್ಲೂ ಮಾಡಿಸಿ ಆಯಿತಂತೆ, ಕ್ಯೂನಲ್ಲಿದ್ದವರೆಲ್ಲ ಅವಳನ್ನೇ ಮುಂದೆ ಬಿಟ್ಟರಂತೆ. ಆಮೇಲೆ ನಿಜವಾದ ಕಾಳಜಿಯಿಂದ ಕೇಳಿದಳು: "ಯಾಕೆ ಇಷ್ಟು ನಿಧಾನ ಕಣೇ? ಕಾಲು ನೋವಾ?"

ಎಕ್ಸ್‌ರೇ

ನನಗೂ ಮೆಟ್ಟಿಲು ಹತ್ತುವಾಗ ಮಂಡಿ ಚುಳುಕ್ ಅನ್ನುತ್ತಿತ್ತು. ಅದನ್ನೇ ನೆಪ ಮಾಡಿಕೊಂಡು ರಾಜಾಜಿನಗರದಲ್ಲಿ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋದೆ. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ಈ ವಯಸ್ಸಿಗೆ ಇಷ್ಟು ಒಳ್ಳೆ ಮಂಡಿ ನೋಡೇ ಇಲ್ಲ ಅಂದರು. ಬೇರೆ ಯಾರಾದರೂ ಆಗಿದ್ದರೆ ದೇವರಿಗೆ ತುಪ್ಪದ ದೀಪ ಹಚ್ಚುತ್ತಿದ್ದರು. ನಾನು ಮುಖ ಸಣ್ಣದು ಮಾಡಿಕೊಂಡು, ಇನ್ನೊಂದು ಸಲ ಸರಿಯಾಗಿ ನೋಡಿ ಸಾರ್ ಅಂದೆ.

ಇದರ ಗುಟ್ಟೇನು, ವಾಕಿಂಗ್ ಮಾಡ್ತೀರಾ ಅಂತ ಅವರು ಕೇಳಿದರು. ನಾನು ಹೊಟ್ಟೆಯೊಳಗಿದ್ದದ್ದನ್ನೆಲ್ಲ ಹೇಳಿಕೊಂಡೆ. ಅವರು ಗಂಭೀರವಾಗಿ ಪೂರ್ತಿ ಕೇಳಿಸಿಕೊಂಡು, "ಮಾತ್ರೆ ಏನೂ ಬೇಡಮ್ಮ. ನಿಮ್ಮ ಅಕ್ಕನ ಗಾಡಿ ಹಿಂದೆ ಓಡೋದೊಂದನ್ನ ನಿಲ್ಲಿಸಬೇಡಿ" ಅಂದರು.

ಕೊನೆಗೂ ಕೂತೆ

ನನ್ನ ಮುಖ ನೋಡಿ ನೋಡಿ ಅಕ್ಕನಿಗೂ ಅರ್ಥವಾಗಿತ್ತು ಅಂತ ಕಾಣುತ್ತೆ. ಒಂದು ದಿನ ನನಗೇ ಸೀರೆ ತರಲು ಹೋಗಿದ್ದಾಗ, ಅರ್ಧ ದಾರಿಯಲ್ಲಿ ಗಾಡಿ ನಿಲ್ಲಿಸಿದಳು. ಈಗ ಸ್ವಲ್ಪ ಸ್ವಲ್ಪ ನಡೀಬೇಕು ಅಂತ ಡಾಕ್ಟರು ಹೇಳಿದಾರೆ, ಸೀರೆ ಅಂಗಡಿವರೆಗೆ ನೀನು ಕೂತ್ಕೋ ಅಂದಳು. ನಾನು ಬೇಡ ಅಂದೆ, ಒಂದೇ ಸಲ. ಎರಡನೇ ಸಲ ಅಂದರೆ ಎಲ್ಲಿ ಒಪ್ಪಿಬಿಡ್ತಾಳೋ ಅಂತ ಭಯ.

ಕೂತೆ. ಆ ಸುಖ ಏನು ಹೇಳಲಿ. ಏಸಿ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಶೀತ ಆಗದಿರಲಿ ಅಂತ ಸೆರಗನ್ನು ತಲೆ ಮೇಲೆ ಹೊದ್ದು ಕಿವಿ ಮುಚ್ಚಿಕೊಂಡೆ. ಪಕ್ಕದಲ್ಲಿ ಅಕ್ಕ, ತಲೆಗೆ ಹೊಸದಾಗಿ ಡೈ ಹಚ್ಚಿಕೊಂಡು, ಕೈ ಬೀಸಿಕೊಂಡು ನಡೆದು ಬರುತ್ತಿದ್ದಳು.

ಸೀರೆ ಅಂಗಡಿಯ ಹುಡುಗಿ ಓಡಿ ಬಂದು ನಮ್ಮನ್ನು ಒಳಗೆ ಕರೆದಳು. ನನ್ನನ್ನು ಕನಿಕರದಿಂದ ನೋಡಿ, ಅಕ್ಕನ ಕಡೆ ತಿರುಗಿ, "ಆಂಟಿ, ನಿಮ್ಮ ಅಮ್ಮನಿಗೆ ಮೆತ್ತಗಿರೋ ಕಾಟನ್ ಸೀರೆ ತೋರಿಸ್ಲಾ?" ಅಂತ ಕೇಳಿದಳು.

ಅಕ್ಕ ತಿದ್ದುತ್ತಾಳೆ ಅಂತ ಕಾದೆ. ಅವಳು ಮುಖ ಅರಳಿಸಿಕೊಂಡು, "ತೋರಿಸಮ್ಮ. ಸ್ವಲ್ಪ ಜೋರಾಗಿ ಮಾತಾಡು, ಅಮ್ಮನಿಗೆ ಕಿವಿ ಮಂದ" ಅಂದಳು.

ಆ ಹುಡುಗಿ ಬಗ್ಗಿ ನನ್ನ ಕಿವಿಯಲ್ಲಿ, ಅಜ್ಜಿ, ಯಾವ ಬಣ್ಣ ಬೇಕು ಅಂತ ಕೂಗಿದಳು. ನಾನು ದಡಕ್ಕನೆ ಗಾಡಿಯಿಂದ ಎದ್ದು ನಿಂತು, ಕಾಟನ್ ಬೇಡ, ರೇಷ್ಮೆ ತೋರಿಸು ಅಂದೆ. ಹುಡುಗಿ ಬೆಚ್ಚಿ ಹಿಂದೆ ಸರಿದಳು. ಅಕ್ಕ ಅವಳ ಭುಜ ತಟ್ಟಿ ಸಮಾಧಾನ ಮಾಡುತ್ತಾ, ಖಾಲಿಯಾದ ಗಾಡಿಯಲ್ಲಿ ಆರಾಮವಾಗಿ ಕೂತಳು.

"ಹೆದರಬೇಡಮ್ಮ. ರೇಷ್ಮೆ ಅಂದ್ರೆ ಸಾಕು, ನಮ್ಮಮ್ಮನಿಗೆ ಕಾಲು ಬಂದ್ಬಿಡುತ್ತೆ."