ಕತ್ತಿನಲ್ಲಿ ಸೋರಿದ ಹಾಲು

ಧನುಶ್ರೀ ಕುಡಿದ ಹಾಲಿನ ಒಂದು ತೊಟ್ಟು ಕತ್ತಿನ ಪಕ್ಕದಿಂದ ಜಿನುಗಿ ಯೂನಿಫಾರಂ ಕಾಲರಿನ ಮೇಲೆ ಬಿತ್ತು.

ಆರು ವರ್ಷದ ಆ ಮಗುವಿನ ಕತ್ತಿನಲ್ಲಿ ಹುಟ್ಟಿನಿಂದಲೇ ಸಾಸಿವೆಯಷ್ಟು ತೂತಿತ್ತು. ಆಗಾಗ ಒದ್ದೆಯಾಗುತ್ತಿತ್ತು. ಒರೆಸಿದರಾಯಿತು ಎಂದು ಅಪ್ಪ ಬೈರೇಶ್ ಸುಮ್ಮನಿದ್ದ. ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವ ಅವನು ಹೈವೇ ಲಾರಿಗೂ ಹೆದರದವನು, ಆಸ್ಪತ್ರೆಯ ವಾಸನೆಗೆ ಮಾತ್ರ ಬೆವರುತ್ತಿದ್ದ. ಆದರೆ ಇವತ್ತು ಅದನ್ನು ಪಕ್ಕದ ಮನೆಯ ಅಂಜಿನಮ್ಮ ನೋಡಿಬಿಟ್ಟಳು.

"ಅಯ್ಯೋ ಶಿವನೇ! ಕುಡಿದಿದ್ದೆಲ್ಲ ಕತ್ತಲ್ಲೇ ಸೋರ್ತೈತಲ್ಲೋ ಬೈರೇಶ! ಮಗು ಹೊಟ್ಟೆಗೆ ಇನ್ನೇನು ಹೋದಾತು?"

ಹೆಂಡತಿ ವಾಣಿಶ್ರೀ ಆಗಲೇ ಗಾರ್ಮೆಂಟ್ಸ್ ಬಸ್ಸು ಹತ್ತಿ ಹೋಗಿದ್ದಳು. ರಾಜಘಟ್ಟದ ಆ ಬೀದಿಯೆಲ್ಲ ಬಾಗಿಲಲ್ಲಿ ಸೇರಿತು.

"ಇದೇನ್ ಮಹಾ ಗುರು! ಒಂದು ಪ್ಯಾಚ್ ಹಾಕಿದ್ರೆ ಮುಗೀತು," ಎಂದ ಪಂಚರ್ ಅಂಗಡಿಯ ಅಪ್ಪಯ್ಯಣ್ಣ.

ಪ್ಯಾಚಿನ ಮಾತು ಕೇಳಿ ಗಾಬರಿಯಾದ ಬೈರೇಶ್ ಮಗಳನ್ನೆತ್ತಿಕೊಂಡು ಕ್ಯಾಬಿಗೆ ಓಡಿದ. ಅಷ್ಟರಲ್ಲಿ ಅಂಜಿನಮ್ಮ ಮುಂದಿನ ಸೀಟಿನಲ್ಲಿದ್ದಳು, ಅಪ್ಪಯ್ಯಣ್ಣ ಹಿಂದೆ.

ದೊಡ್ಡಬಳ್ಳಾಪುರದ ಆಸ್ಪತ್ರೆಯಲ್ಲಿ ನರ್ಸು, ನೆನೆದ ಕೋಳಿಯಂತಿದ್ದ ಬೈರೇಶನನ್ನೇ ಹಿಡಿದು ವೀಲ್‌ಚೇರಿನಲ್ಲಿ ಕೂರಿಸಿದಳು. "ಪೇಷೆಂಟ್ ನಾನಲ್ಲಮ್ಮಾ!" ಎಂದು ಅವನು ಕೂಗುವಷ್ಟರಲ್ಲಿ ಗಾಡಿ ಡಾಕ್ಟರ್ ಭಾನುಪ್ರಿಯಾರ ಕೋಣೆ ಸೇರಿತ್ತು.

ಡಾಕ್ಟರು ನಕ್ಕು ಮಗುವಿನ ಕತ್ತು ನೋಡಿದರು. "ತಾಯಿ ಹೊಟ್ಟೇಲೇ ಮುಚ್ಕೋಬೇಕಿದ್ದ ದಾರಿ ಮುಚ್ಚಿಲ್ಲ, ಅಷ್ಟೆ. ಇಲ್ಲಿಂದ ಗಂಟಲಿನ ತನಕ ಸಣ್ಣ ನಾಳ ಇದೆ."

"ಮೇಲೊಂದು ಹೊಲಿಗೆ ಹಾಕಿದ್ರೆ?" ಅಪ್ಪಯ್ಯಣ್ಣ ಬಾಗಿಲಿನಿಂದಲೇ ಕೇಳಿದ.

"ತೂತಿನ ಬಾಯಿ ಮುಚ್ಚಿದ್ರೆ ಒಳಗೆ ಕೀವು ತುಂಬುತ್ತೆ. ನಾಳಾನೇ ಪೂರ್ತಿ ತೆಗೀಬೇಕು, ಚೂರು ಉಳಿದ್ರೂ ಮತ್ತೆ ಬರಬಹುದು. ಕತ್ತಲ್ಲಿ ಒಂದು ಸಣ್ಣ ಗಾಯ ಮಾಡ್ತೀವಿ. ಅಲ್ಲಿಂದ ಎಟುಕದಿದ್ರೆ ಸ್ವಲ್ಪ ಮೇಲೆ ಇನ್ನೊಂದು. ಈಗ ಕೀವಿಲ್ಲ, ಸ್ಕ್ಯಾನ್ ಮಾಡಿ ದಿನ ಗೊತ್ತು ಮಾಡೋಣ."

"ನೋವಾಗುತ್ತಾ?" ಧನುಶ್ರೀ ಕೇಳಿದಳು.

"ಮಾಡುವಾಗ ನಿದ್ದೆ ಬರಿಸ್ತೀವಿ ಪುಟ್ಟಿ. ಆಮೇಲೆ ಸ್ವಲ್ಪ ನೋಯುತ್ತೆ, ಅದಕ್ಕೆ ಔಷಧಿ ಕೊಡ್ತೀವಿ."

"ಸರಿ," ಎಂದಿತು ಮಗು.

ಬೈರೇಶನಿಗೆ ಕಣ್ಣು ತುಂಬಿ ಬಂತು. ಇಷ್ಟು ದಿನ ತಡ ಮಾಡಿದೆನಲ್ಲ ಎನಿಸಿತು. ಅಂಗಿಯ ಗುಂಡಿ ಬಿಚ್ಚಿ ಕಾಲರಿನಿಂದಲೇ ಮುಖ ಒರೆಸಿಕೊಂಡ. ಡಾಕ್ಟರು ಅವನನ್ನೇ ದಿಟ್ಟಿಸಿದರು.

"ನಿಮ್ಮ ಕತ್ತಲ್ಲಿರೋದು ಏನದು?"

"ಸಣ್ಣೋನಿದ್ದಾಗ ಸಿಡುಬಮ್ಮ ಆಗಿದ್ ಕಲೆ ಮೇಡಂ."

ಡಾಕ್ಟರು ಮೆಲ್ಲಗೆ ಒತ್ತಿದರು. ಒಂದು ಹನಿ ಹೊರಬಂತು.

"ಕಾಲರ್ ಒದ್ದೆ ಆಗ್ತಿತ್ತಾ?"

"ಬೆವರು ಅಂದ್ಕೊಂಡಿದ್ದೆ..."

"ಕೆಲವು ಮನೆಗಳಲ್ಲಿ ಇದು ವಂಶದಲ್ಲೇ ಬರುತ್ತೆ. ನೀವೂ ಆಪರೇಷನ್ ಮಾಡಿಸ್ಕೊಂಡ್ಬಿಡಿ."

ಬೈರೇಶನ ಮುಖ ಸುಣ್ಣವಾಯಿತು.

ಧನುಶ್ರೀ ಸ್ಟೂಲಿನಿಂದಿಳಿದು ಅಪ್ಪನ ಬೆರಳು ಹಿಡಿದುಕೊಂಡಳು.

"ಡಾಕ್ಟರಾಂಟಿ, ನಮ್ಮಿಬ್ರಿಗೂ ಒಂದೇ ಮಂಚ ಕೊಡಿ. ನಮ್ಮಪ್ಪ ಒಬ್ನೇ ಮಲಗೋಕೆ ಹೆದರ್ಕೋತಾನೆ."